ಪತಿತ ಯೋಧನ ಪಾಪಪ್ರಜ್ಞೆ ಮತ್ತು ಶ್ರದ್ಧಾಭಂಗ: ‘ಸ್ಟಾರ್ ವಾರ್ಸ್’ ಕಥನಮಾಲಿಕೆಯ ಒಂದು ಅಧ್ಯಯನ

1. ಪೀಠಿಕೆ

ವಿಜ್ಞಾನದ ಉಪಕರಣಗಳನ್ನೂ ಪುರಾಣದ ಅದ್ಭುತಗಳನ್ನೂ ಒಂದೇ ಕಥನದೊಳಗೆ ಹೆಣೆಯುವ ಪ್ರಕಾರವನ್ನು ಇಂಗ್ಲಿಷಿನಲ್ಲಿ ‘ಸೈನ್ಸ್ ಫ್ಯಾಂಟಸಿ’ ಎಂದು ಕರೆಯುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ಇದನ್ನು ‘ವಿಜ್ಞಾನಾದ್ಭುತ ಕಥನ’ ಎಂದು ನಿರ್ದೇಶಿಸಲಾಗಿದೆ. ಶುದ್ಧ ವಿಜ್ಞಾನಕಥೆಯು ತನ್ನ ಕಲ್ಪನೆಗೆ ಕಾರ್ಯಕಾರಣ ಸಂಬಂಧದ ಸಮರ್ಥನೆಯನ್ನು ಒದಗಿಸಲು ಯತ್ನಿಸುತ್ತದೆ. ವಿಜ್ಞಾನಾದ್ಭುತ ಕಥನಕ್ಕೆ ಆ ನಿರ್ಬಂಧವಿಲ್ಲ. ಅಲ್ಲಿ ಅಂತರಿಕ್ಷನೌಕೆಯೂ ಇರುತ್ತದೆ, ತಪಸ್ಸೂ ಇರುತ್ತದೆ. ಯಂತ್ರಮಾನವನೂ ಇರುತ್ತಾನೆ, ಸತ್ತವರ ಆತ್ಮವೂ ಮಾತನಾಡುತ್ತದೆ.

ಈ ಪ್ರಕಾರದ ಆರಂಭಕಾಲದ ಯೋಧನಿಗೆ ಪಾಪಪ್ರಜ್ಞೆಯ ಭಾರ ಅಷ್ಟಾಗಿ ಇರಲಿಲ್ಲ. 1912ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1917ರಲ್ಲಿ ಪುಸ್ತಕರೂಪ ಪಡೆದ ಎಡ್ಗರ್ ರೈಸ್ ಬರೋಸನ ‘ಎ ಪ್ರಿನ್ಸೆಸ್ ಆಫ್ ಮಾರ್ಸ್’ ಕಾದಂಬರಿಯ ನಾಯಕ ಜಾನ್ ಕಾರ್ಟರ್ ಮಂಗಳಗ್ರಹದಲ್ಲಿ ಹೋರಾಡುತ್ತಾನೆ, ಗೆಲ್ಲುತ್ತಾನೆ, ರಾಜಕುಮಾರಿಯನ್ನು ವರಿಸುತ್ತಾನೆ. ತನ್ನ ಖಡ್ಗಕ್ಕೆ ಬಲಿಯಾದವರು ಅವನ ನಿದ್ದೆಯನ್ನು ಕೆಡಿಸುವುದಿಲ್ಲ. ಇದೇ ಪರಂಪರೆಯಿಂದ ಬೆಳೆದು ಬಂದ ‘ಸ್ಟಾರ್ ವಾರ್ಸ್’ ಕಥನಮಾಲಿಕೆಯಲ್ಲಿ ಮಾತ್ರ, ಧರ್ಮದಿಂದ ಜಾರಿದ ಯೋಧನ ಅಂತರಂಗವೇ ಕಥೆಯ ಕೇಂದ್ರವಾಯಿತು. ಈ ಪಲ್ಲಟ ಹೇಗೆ ಸಂಭವಿಸಿತು, ಅದು ಎತ್ತಿದ ನೈತಿಕ ಪ್ರಶ್ನೆಗೆ ಕಥನವು ಕಾಲಕ್ರಮದಲ್ಲಿ ಯಾವ ಉತ್ತರಗಳನ್ನು ಕೊಟ್ಟಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ವಿವೇಚನೆಗೆ ಅನುಕೂಲವಾಗುವಂತೆ ಮೂರು ಪರಿಕಲ್ಪನೆಗಳನ್ನು ಪ್ರತ್ಯೇಕಿಸಿಕೊಳ್ಳುವುದು ಅಗತ್ಯ. ತಾನು ಮಾಡಿದ್ದು ತಪ್ಪೆಂಬ ಅರಿವು ಪಾಪಪ್ರಜ್ಞೆ. ಆ ಅರಿವಿನಿಂದ ಹುಟ್ಟುವ ಬೇಗುದಿ ಪಶ್ಚಾತ್ತಾಪ. ತಪ್ಪನ್ನು ಸರಿಪಡಿಸುವ ದಿಕ್ಕಿನಲ್ಲಿ ಕೈಗೊಳ್ಳುವ ಕ್ರಿಯೆ ಪ್ರಾಯಶ್ಚಿತ್ತ. ಮೊದಲನೆಯದು ಇದ್ದಲ್ಲಿ ಎರಡನೆಯದು ಇರಲೇಬೇಕೆಂದಿಲ್ಲ. ಎರಡನೆಯದು ಇದ್ದ ಮಾತ್ರಕ್ಕೆ ಮೂರನೆಯದು ತಾನಾಗಿ ಒದಗುವುದೂ ಇಲ್ಲ. ಸ್ಟಾರ್ ವಾರ್ಸ್ ಕಥನದ ಪತಿತ ಯೋಧರ ನಡುವಣ ವ್ಯತ್ಯಾಸ ಇರುವುದು ಈ ಮೂರರ ನಡುವಿನ ಅಂತರದಲ್ಲಿಯೇ.

2. ಕಥನದ ರಚನಾ ಇತಿಹಾಸ

ಜಾರ್ಜ್ ಲ್ಯೂಕಾಸ್ ರಚಿಸಿ ನಿರ್ದೇಶಿಸಿದ ಮೊದಲ ಚಿತ್ರ ‘ಸ್ಟಾರ್ ವಾರ್ಸ್’ 1977ರ ಮೇ ತಿಂಗಳಲ್ಲಿ ತೆರೆಕಂಡಿತು. ಅದರಲ್ಲಿ ಕಪ್ಪು ಮುಖವಾಡದ ಡಾರ್ತ್ ವೇಡರ್ ಕೇವಲ ಖಳನಾಯಕ. ‘ಫೋರ್ಸ್’ ಎಂಬ ವಿಶ್ವವ್ಯಾಪಿ ಶಕ್ತಿಯನ್ನು ಆರಾಧಿಸುವ ಜೆಡೈ ಯೋಧರ ಸಂಘಕ್ಕೆ ದ್ರೋಹ ಬಗೆದವನು ಅವನು. ವೃದ್ಧ ಗುರು ಓಬಿ-ವಾನ್ ಕೆನೋಬಿಯು ತರುಣ ಲ್ಯೂಕ್ ಸ್ಕೈವಾಕರನಿಗೆ, ಅವನ ತಂದೆಯನ್ನು ಕೊಂದವನು ತನ್ನ ಶಿಷ್ಯನಾಗಿದ್ದ ಈ ವೇಡರನೇ ಎಂದು ತಿಳಿಸುತ್ತಾನೆ. ಆ ಹಂತದಲ್ಲಿ ಕಥೆಯು ಸೇಡಿನ ಕಥೆಯಾಗಿ ಮುಂದುವರಿಯುವ ಎಲ್ಲ ಸಾಧ್ಯತೆಯೂ ಇದ್ದಿತು.

ಎರಡನೆಯ ಚಿತ್ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನ ಮೊದಲ ಕರಡನ್ನು ಬರೆದವಳು ಲೀ ಬ್ರಾಕೆಟ್. ಮಂಗಳಗ್ರಹದ ಸಾಹಸಕಥೆಗಳಿಂದ ಹೆಸರಾಗಿದ್ದ ಈ ಲೇಖಕಿ 1978ರ ಫೆಬ್ರವರಿಯಲ್ಲಿ ಕರಡನ್ನು ಪೂರೈಸಿ ಮರುತಿಂಗಳು ನಿಧನಳಾದಳು. ಆ ಕರಡಿನಲ್ಲಿ ಲ್ಯೂಕನ ತಂದೆಯ ಆತ್ಮವು ಮಗನೆದುರು ಪ್ರತ್ಯಕ್ಷವಾಗುತ್ತದೆ. ವೇಡರ್ ಬೇರೆಯೇ ವ್ಯಕ್ತಿ. ಆಕೆಯ ತರುವಾಯ ಲ್ಯೂಕಾಸ್ ಬರೆದ ಕರಡಿನಲ್ಲಿ ಕೊಲೆಗಾರನೂ ತಂದೆಯೂ ಒಬ್ಬನೇ ಆದರು. ಲಾರೆನ್ಸ್ ಕಾಸ್ಡನ್ ಮುಂದುವರಿಸಿದ ಚಿತ್ರಕಥೆಯ ಮೂಲಕ 1980ರಲ್ಲಿ ಇದು ತೆರೆಗೆ ಬಂದಿತು.

ಈ ಮಾರ್ಪಾಟನ್ನು ಕೇವಲ ರೋಚಕ ತಿರುವೆಂದು ಭಾವಿಸಿದರೆ ಅದರ ಮಹತ್ತ್ವ ತಿಳಿಯದೆ ಹೋಗುತ್ತದೆ. ಎರಡು ಪಾತ್ರಗಳು ಒಂದಾದ ಕ್ಷಣದಿಂದ ಖಳನಿಗೆ ಒಂದು ಪೂರ್ವಜೀವನ ಪ್ರಾಪ್ತವಾಯಿತು. ಗುರುವಿನ ಮಾತು ಸುಳ್ಳಾಯಿತು. ಮಗನ ಸೇಡು ಪಿತೃಹತ್ಯೆಯ ಪ್ರಶ್ನೆಯಾಯಿತು. ಕಥನದಲ್ಲಿ ಪಾಪಪ್ರಜ್ಞೆಗೆ ಅವಕಾಶ ದೊರೆತದ್ದು ಈ ಏಕೀಕರಣದಿಂದ.

3. ಪತನದ ಸ್ವರೂಪ: ಹೇಳಿಕೊಳ್ಳಲಾಗದ ಭಯ

ವೇಡರನ ಪೂರ್ವಜೀವನವನ್ನು 1999, 2002 ಮತ್ತು 2005ರ ಚಿತ್ರಗಳು ನಿರೂಪಿಸುತ್ತವೆ. ಅವನ ಮೂಲ ಹೆಸರು ಅನಾಕಿನ್ ಸ್ಕೈವಾಕರ್. ಮರುಭೂಮಿಯ ಗ್ರಹವೊಂದರಲ್ಲಿ ಗುಲಾಮಳಾಗಿದ್ದ ತಾಯಿಯ ಮಗ. ಜೆಡೈ ಸಂಘವು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರೂ ತಾಯಿಯು ದಾಸ್ಯದಲ್ಲಿಯೇ ಉಳಿಯುತ್ತಾಳೆ. ಸಂಘದ ನಿಯಮದಂತೆ ಯೋಧನು ಮಮಕಾರವನ್ನು ತೊರೆಯಬೇಕು, ವಿವಾಹಕ್ಕೆ ಅವಕಾಶವಿಲ್ಲ.

‘ಅಟ್ಯಾಕ್ ಆಫ್ ದಿ ಕ್ಲೋನ್ಸ್’ (2002) ಚಿತ್ರದಲ್ಲಿ ತಾಯಿಯು ಅಪಹರಣಕಾರರ ಹಿಂಸೆಯಿಂದ ಮಗನ ತೋಳಿನಲ್ಲಿಯೇ ಪ್ರಾಣಬಿಡುತ್ತಾಳೆ. ಅನಾಕಿನ್ ಆ ಶಿಬಿರದ ಗಂಡಸರನ್ನಷ್ಟೇ ಅಲ್ಲದೆ ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲುತ್ತಾನೆ. ಬಳಿಕ ತಾನು ಪ್ರೀತಿಸುವ ಪದ್ಮೆಯೆದುರು ಈ ಕೃತ್ಯವನ್ನು ಒಪ್ಪಿಕೊಂಡು ಕುಸಿಯುತ್ತಾನೆ. ಆಕೆ ಅವನನ್ನು ಸಂತೈಸುತ್ತಾಳೆ. ಇಲ್ಲಿ ತಪ್ಪೊಪ್ಪಿಗೆ ಇದೆ, ಆದರೆ ಅದಕ್ಕೆ ತಕ್ಕ ವಿಚಾರಣೆಯಿಲ್ಲ, ಪ್ರಾಯಶ್ಚಿತ್ತವೂ ಇಲ್ಲ. ಸಂಘದ ಹಿರಿಯರೆದುರು ಅವನು ಈ ಮಾತನ್ನು ಆಡುವ ದೃಶ್ಯವೇ ಚಿತ್ರದಲ್ಲಿಲ್ಲ ಎಂಬುದು ಗಮನಾರ್ಹ.

‘ರಿವೆಂಜ್ ಆಫ್ ದಿ ಸಿತ್’ (2005) ಚಿತ್ರವು ಈ ಮೌನದ ಫಲವನ್ನು ತೋರಿಸುತ್ತದೆ. ಗುಟ್ಟಾಗಿ ವರಿಸಿದ ಪದ್ಮೆಯು ಹೆರಿಗೆಯಲ್ಲಿ ಸಾಯುವಂತೆ ಅನಾಕಿನ್ ಕನಸು ಕಾಣುತ್ತಾನೆ. ಹಿರಿಯ ಗುರು ಯೋಡಾನ ಬಳಿ ಹೋದರೂ, ಸಾಯುವವರು ಯಾರೆಂಬುದನ್ನು ಹೇಳಲಾರ. ಹೇಳಿದರೆ ನಿಯಮೋಲ್ಲಂಘನೆ ಬಯಲಾಗುತ್ತದೆ. ಯೋಡಾ ಅವನಿಗೆ ಕೊಡುವ ಉಪದೇಶ ನಿರ್ಮೋಹದ್ದು. ತತ್ತ್ವವಾಗಿ ಅದು ಉನ್ನತವಾದುದೇ ಇರಬಹುದು. ಆದರೆ ಎದುರಿಗೆ ಕುಳಿತವನ ಭಯ ಯಾವುದೆಂದು ಅರಿಯದೆ ಆಡಿದ್ದರಿಂದ ಅದು ಅವನನ್ನು ಮುಟ್ಟಲಿಲ್ಲ. ಸಾವನ್ನು ತಡೆಯುವ ವಿದ್ಯೆಯ ಆಮಿಷವನ್ನೊಡ್ಡಿ ಅವನ ಭಯಕ್ಕೆ ಕಿವಿಗೊಟ್ಟವನು ರಾಜ್ಯದ ಮುಖ್ಯಸ್ಥ ಪಾಲ್ಪಟೀನ್. ಅವನೇ ಜೆಡೈಗಳ ಗುಪ್ತವೈರಿಯಾದ ಸಿತ್ ಪಂಥದ ಒಡೆಯ.

ಶ್ರದ್ಧಾಭಂಗಕ್ಕೆ ಇನ್ನೂ ಆಳವಾದ ಕಾರಣವೊಂದನ್ನು ಇದೇ ಚಿತ್ರದ ಎರಡು ದೃಶ್ಯಗಳ ಹೋಲಿಕೆಯಲ್ಲಿ ಕಾಣಬಹುದು. ಚಿತ್ರದ ಆರಂಭದಲ್ಲಿ ಅನಾಕಿನ್, ಪಾಲ್ಪಟೀನನ ಪ್ರಚೋದನೆಗೆ ಒಳಗಾಗಿ, ನಿರಾಯುಧನಾದ ಕೌಂಟ್ ಡೂಕುವಿನ ತಲೆಯನ್ನು ಕಡಿಯುತ್ತಾನೆ. ಕಡಿದ ಮರುಕ್ಷಣವೇ ಇದು ಜೆಡೈ ಧರ್ಮಕ್ಕೆ ವಿರುದ್ಧವೆಂದು ಪರಿತಪಿಸುತ್ತಾನೆ. ಮುಂದೆ ಸಂಘದ ಹಿರಿಯ ಯೋಧ ಮೇಸ್ ವಿಂಡು, ಸೋತು ಬಿದ್ದಂತೆ ಕಾಣುವ ಪಾಲ್ಪಟೀನನನ್ನು ವಿಚಾರಣೆಗೆ ಒಪ್ಪಿಸದೆ ಅಲ್ಲಿಯೇ ಕೊಲ್ಲಲು ಖಡ್ಗವೆತ್ತುತ್ತಾನೆ. ತಾನು ಯಾವ ಕೃತ್ಯಕ್ಕಾಗಿ ಒಳಗೊಳಗೆ ನೊಂದಿದ್ದನೋ ಅದನ್ನೇ ತನ್ನ ಸಂಘದ ಹಿರಿಯನು ಅವಶ್ಯಕತೆಯ ಹೆಸರಿನಲ್ಲಿ ಮಾಡಹೊರಟಿದ್ದನ್ನು ಅನಾಕಿನ್ ಕಾಣುತ್ತಾನೆ. ಪತ್ನಿಯನ್ನು ಉಳಿಸಿಕೊಳ್ಳುವ ಸ್ವಾರ್ಥವೂ ಧರ್ಮದ ಆಕ್ಷೇಪವೂ ಆ ಕ್ಷಣದಲ್ಲಿ ಒಂದಾಗಿ ಬೆರೆಯುತ್ತವೆ. ಅವನು ವಿಂಡುವಿನ ಕೈಯನ್ನು ಕತ್ತರಿಸುತ್ತಾನೆ. ಪಾಲ್ಪಟೀನ್ ವಿಂಡುವನ್ನು ಕೊಲ್ಲುತ್ತಾನೆ. ತಾನೇನು ಮಾಡಿಬಿಟ್ಟೆನೆಂಬ ಅರಿವು ಅನಾಕಿನನಿಗೆ ಆಗಲೇ ಬರುತ್ತದೆ. ಆದರೂ ಅವನು ಹಿಂದಿರುಗದೆ ಪಾಲ್ಪಟೀನನೆದುರು ಮಂಡಿಯೂರುತ್ತಾನೆ; ಸಂಘದ ಮಂದಿರಕ್ಕೆ ನುಗ್ಗಿ ಅಲ್ಲಿನ ಬಾಲಶಿಷ್ಯರನ್ನೂ ಕೊಲ್ಲುತ್ತಾನೆ. ಪಾಪಪ್ರಜ್ಞೆಯು ಮನುಷ್ಯನನ್ನು ತಪ್ಪಿನಿಂದ ಹಿಂದೆಗೆಯುವಂತೆ ಮಾಡುತ್ತದೆಂಬ ಸಾಮಾನ್ಯ ನಂಬಿಕೆಯನ್ನು ಈ ಪ್ರಸಂಗ ಅಲ್ಲಗಳೆಯುತ್ತದೆ. ಒಂದು ತಪ್ಪಿನ ಭಾರವನ್ನು ಹೊರಲಾರದವನು, ಅದು ವ್ಯರ್ಥವಾಗಬಾರದೆಂದು ಮತ್ತಷ್ಟು ದೊಡ್ಡ ತಪ್ಪಿಗೆ ಕೈಹಾಕುತ್ತಾನೆ.

4. ಯಂತ್ರದೇಹ ಮತ್ತು ಕಳಚಿಟ್ಟ ಹೆಸರು

ಗುರು ಓಬಿ-ವಾನನೊಡನೆ ನಡೆದ ಕಾಳಗದಲ್ಲಿ ಅನಾಕಿನ್ ಅಂಗಚ್ಛೇದಕ್ಕೊಳಗಾಗಿ, ಜ್ವಾಲಾಮುಖಿಯ ದಂಡೆಯಲ್ಲಿ ಸುಟ್ಟುಹೋಗುತ್ತಾನೆ. ಉಳಿದ ದೇಹವನ್ನು ಯಂತ್ರಕವಚದೊಳಗೆ ಇರಿಸಲಾಗುತ್ತದೆ. ಎಚ್ಚತ್ತವನಿಗೆ ಮೊದಲು ತಿಳಿಯುವ ಸುದ್ದಿ, ಅವನ ಕೋಪವೇ ಪದ್ಮೆಯನ್ನು ಕೊಂದಿತೆಂಬುದು. ಯಾರನ್ನು ಉಳಿಸಿಕೊಳ್ಳಲು ಧರ್ಮವನ್ನು ತೊರೆದನೋ ಆಕೆಯೇ ಇಲ್ಲ. ತೊರೆದ ಧರ್ಮಕ್ಕೆ ಮರಳುವ ದಾರಿಯೂ ಇಲ್ಲ.

ವಿಜ್ಞಾನಾದ್ಭುತ ಕಥನದ ವಿಶೇಷ ಸಾಮರ್ಥ್ಯ ವ್ಯಕ್ತವಾಗುವುದು ಇಲ್ಲಿ. ವಾಸ್ತವವಾದಿ ಕಾದಂಬರಿಯು ಪಾಪಪ್ರಜ್ಞೆಯನ್ನು ಮನೋವಿಶ್ಲೇಷಣೆಯ ಮೂಲಕ ಹೇಳಬೇಕಾಗುತ್ತದೆ. ಈ ಕಥನವಾದರೋ ಅದಕ್ಕೆ ದೇಹವನ್ನೇ ಕೊಡುತ್ತದೆ. ವಿನ್ಯಾಸಕಾರ ರಾಲ್ಫ್ ಮೆಕ್ವಾರಿಯು ಮೊದಲು ವೇಡರನಿಗೆ ಮುಖವಾಡವನ್ನು ಚಿತ್ರಿಸಿದ್ದು ಒಂದು ನೌಕೆಯಿಂದ ಇನ್ನೊಂದಕ್ಕೆ ನಿರ್ವಾತದಲ್ಲಿ ದಾಟುವ ಸಂದರ್ಭಕ್ಕಾಗಿ. ಧ್ವನಿತಜ್ಞ ಬೆನ್ ಬರ್ಟ್ ಆ ಪಾತ್ರದ ಉಸಿರಾಟದ ಸದ್ದನ್ನು ಮುಳುಗುಗಾರರ ಶ್ವಾಸೋಪಕರಣದಿಂದ ದಾಖಲಿಸಿದನು. ಹೀಗೆ ತಾಂತ್ರಿಕ ಅಗತ್ಯದಿಂದ ಹುಟ್ಟಿದ ಅಂಶಗಳು ಕಥೆ ಬೆಳೆದಂತೆ ನೈತಿಕ ಅರ್ಥವನ್ನು ಪಡೆದವು. ಪ್ರತಿಯೊಂದು ಉಸಿರೂ ಕೇಳುವಂತೆ ಬದುಕಬೇಕಾದವನಿಗೆ ತನ್ನ ಕೃತ್ಯವನ್ನು ಮರೆಯಲು ಬಿಡುವಿಲ್ಲ. ವಿಚಾರಣೆಯಿಲ್ಲದ ಅಪರಾಧಿಗೆ ಕವಚವೇ ಸೆರೆಮನೆಯಾಗಿದೆ.

ಆದರೆ ಆ ಸೆರೆಯೊಳಗೂ ಅವನು ಹೊಣೆಯಿಂದ ನುಣುಚಿಕೊಳ್ಳುವ ಮಾರ್ಗವೊಂದನ್ನು ಕಂಡುಕೊಂಡಿದ್ದಾನೆ. ಅದು ಹೆಸರಿನ ಮಾರ್ಗ. ‘ರಿಟರ್ನ್ ಆಫ್ ದಿ ಜೆಡೈ’ (1983) ಚಿತ್ರದಲ್ಲಿ ಲ್ಯೂಕನು ಅವನನ್ನು ಅನಾಕಿನ್ ಎಂದು ಸಂಬೋಧಿಸಿದಾಗ, ಆ ಹೆಸರಿಗೆ ತನ್ನ ಪಾಲಿಗೆ ಅರ್ಥವಿಲ್ಲವೆಂದು ವೇಡರ್ ನಿರಾಕರಿಸುತ್ತಾನೆ. ಮಾಡಿದವನು ಬೇರೆ, ಅನುಭವಿಸುವವನು ಬೇರೆ ಎಂಬಂತೆ ತನ್ನನ್ನು ತಾನೇ ಎರಡಾಗಿ ಸೀಳಿಕೊಂಡವನಿಗೆ ಪಶ್ಚಾತ್ತಾಪ ಅಸಾಧ್ಯ. ಲ್ಯೂಕನು ಮಾಡುವ ಮುಖ್ಯ ಕಾರ್ಯವೆಂದರೆ ಈ ಸೀಳನ್ನು ಒಪ್ಪದಿರುವುದು. ಕಾಳಗದ ಕೊನೆಯಲ್ಲಿ ತಂದೆಯ ಯಾಂತ್ರಿಕ ಹಸ್ತವನ್ನು ಕತ್ತರಿಸಿದ ಅವನು, ಅದೇ ಬಗೆಯ ತನ್ನ ಯಾಂತ್ರಿಕ ಹಸ್ತವನ್ನು ನೋಡಿಕೊಂಡು ಖಡ್ಗವನ್ನು ಎಸೆಯುತ್ತಾನೆ. ಸಂಘವು ಕಲಿಸಲಾರದ ಪಾಠವನ್ನು ಶಿಷ್ಯನು ಆಯುಧತ್ಯಾಗದಿಂದ ಕಲಿಸುತ್ತಾನೆ. ಮಗನು ಸಾಯುವ ಸ್ಥಿತಿಗೆ ಬಂದಾಗ ವೇಡರ್ ತನ್ನ ಒಡೆಯನನ್ನು ಎತ್ತಿ ಆಳಕ್ಕೆಸೆದು, ತಾನೂ ಪ್ರಾಣಾಂತಿಕವಾಗಿ ಗಾಯಗೊಳ್ಳುತ್ತಾನೆ.

5. ಪಾಠಾಂತರಗಳ ಸಾಕ್ಷ್ಯ

1983ರ ಚಿತ್ರದ ಅಂತ್ಯಭಾಗಕ್ಕೆ ಸಂಬಂಧಿಸಿದಂತೆ ಎರಡು ಮುಖ್ಯ ಪಾಠಾಂತರಗಳಿವೆ. ಹಸ್ತಪ್ರತಿಗಳ ಪಾಠಭೇದದಿಂದ ಕೃತಿಯ ಆಶಯವನ್ನು ಚರ್ಚಿಸುವ ವಿಧಾನವನ್ನು ಇಲ್ಲಿಗೂ ಅನ್ವಯಿಸಬಹುದು.

ಮೊದಲನೆಯದು ಮೌನಕ್ಕೆ ಸಂಬಂಧಿಸಿದ್ದು. ಮೂಲ ಪಾಠದಲ್ಲಿ ವೇಡರ್ ಒಮ್ಮೆ ಮಗನನ್ನೂ ಒಮ್ಮೆ ಒಡೆಯನನ್ನೂ ಮಾತಿಲ್ಲದೆ ನೋಡುತ್ತಾನೆ, ಬಳಿಕ ಕ್ರಿಯೆಗಿಳಿಯುತ್ತಾನೆ. 2011ರ ಬ್ಲೂ-ರೇ ಆವೃತ್ತಿಯಲ್ಲಿ ಈ ಸನ್ನಿವೇಶಕ್ಕೆ ನಿರಾಕರಣೆಯ ಕೂಗನ್ನು ಸೇರಿಸಲಾಯಿತು. ಮೂಲದಲ್ಲಿ ನೋಡುಗನು ಮುಖವಾಡದ ಹಿಂದಿನ ಹೋರಾಟವನ್ನು ತಾನೇ ಊಹಿಸಬೇಕಿತ್ತು. ಪರಿಷ್ಕೃತ ಪಾಠವು ಆ ಊಹೆಯನ್ನು ಅನವಶ್ಯಕವಾಗಿಸಿತು.

ಎರಡನೆಯದು ಹೆಚ್ಚು ಗಂಭೀರವಾದುದು. ಚಿತ್ರದ ಕೊನೆಯಲ್ಲಿ ಲ್ಯೂಕನಿಗೆ ತಂದೆಯ ಆತ್ಮವು ಗೋಚರಿಸುತ್ತದೆ. ಮೂಲದಲ್ಲಿ ಆ ರೂಪ ವಯಸ್ಸಾದ ಸೆಬಾಸ್ಟಿಯನ್ ಶಾ ಎಂಬ ನಟನದು. ಮುಖವಾಡ ಕಳಚಿದಾಗ ಕಂಡ ಮುಖವೂ ಅವನದೇ. 2004ರ ಡಿವಿಡಿ ಆವೃತ್ತಿಯಲ್ಲಿ ಆತ್ಮದ ರೂಪವನ್ನು ಬದಲಿಸಿ, ತರುಣ ಅನಾಕಿನನ ಪಾತ್ರ ವಹಿಸಿದ್ದ ಹೇಡನ್ ಕ್ರಿಸ್ಟೆನ್ಸೆನ್ನನನ್ನು ತೋರಿಸಲಾಯಿತು. ಮೂಲ ಪಾಠದ ಪ್ರಕಾರ ಸದ್ಗತಿ ದೊರೆತದ್ದು ಪಾಪವನ್ನೆಸಗಿ, ಅದರೊಡನೆ ಮುಪ್ಪಾಗಿ, ಕಡೆಗೆ ತಿರುಗಿ ನಿಂತ ಮನುಷ್ಯನಿಗೆ. ಪರಿಷ್ಕೃತ ಪಾಠದ ಪ್ರಕಾರ ಪತನಕ್ಕೆ ಮುಂಚಿನ ಯುವಕನು ಹಿಂದಿರುಗಿದ್ದಾನೆ. ನಡುವಿನ ಕಾಲ ಅಳಿಸಿಹೋಗಿದೆ. ವೇಡರ್ ತನ್ನನ್ನು ಎರಡಾಗಿ ಸೀಳಿಕೊಂಡ ಉಪಾಯವನ್ನೇ ಈ ಪಾಠ ತನಗರಿವಿಲ್ಲದೆ ಒಪ್ಪಿಕೊಂಡಂತಾಗುತ್ತದೆ. ಈ ದೃಷ್ಟಿಯಿಂದ ಮೂಲ ಪಾಠವೇ ನೈತಿಕವಾಗಿ ಸಮರ್ಪಕವಾದುದು.

ಎರಡೂ ಪಾಠಗಳಲ್ಲಿ ಸಮಾನವಾಗಿ ಉಳಿಯುವ ಕೊರತೆಯೊಂದಿದೆ. ಸಾಯುವ ವೇಡರ್ ಮಗನೊಡನೆ ಆಡುವ ಮಾತುಗಳಲ್ಲಿ ತಾನು ಕೊಂದವರ ಪ್ರಸ್ತಾಪವೇ ಇಲ್ಲ. ಅವನು ಮಗನನ್ನು ಉಳಿಸಿದನು, ನಿಜ. ಆದರೆ ಮಂದಿರದ ಮಕ್ಕಳಿಗೆ ಉತ್ತರ ಹೇಳುವ ಮೊದಲೇ ಸಾವು ಅವನನ್ನು ಬಿಡುಗಡೆಗೊಳಿಸಿತು.

6. ಉಳಿದವರ ಪಾಪಪ್ರಜ್ಞೆ

ಸಾವಿನ ಬಿಡುಗಡೆಯಿಲ್ಲದೆ ತಪ್ಪಿನೊಡನೆ ವರ್ಷಗಟ್ಟಲೆ ಬದುಕಬೇಕಾದವರ ಕಥೆಯನ್ನು ಕಥನವು ಬಹಳ ತಡವಾಗಿ ಕೈಗೆತ್ತಿಕೊಂಡಿತು. ರಯಾನ್ ಜಾನ್ಸನ್ ನಿರ್ದೇಶನದ ‘ದಿ ಲಾಸ್ಟ್ ಜೆಡೈ’ (2017) ಮತ್ತು ಡೆಬೊರಾ ಚೌ ನಿರ್ದೇಶಿಸಿದ ಆರು ಕಂತುಗಳ ‘ಓಬಿ-ವಾನ್ ಕೆನೋಬಿ’ (2022) ಧಾರಾವಾಹಿ ಈ ದೃಷ್ಟಿಯಿಂದ ಮುಖ್ಯವಾದವು.

2017ರ ಚಿತ್ರದಲ್ಲಿ ಪತಿತನಾಗಿರುವವನು ಸ್ವತಃ ಲ್ಯೂಕ್. ಸೋದರಳಿಯನೂ ಶಿಷ್ಯನೂ ಆದ ಬೆನ್ ಸೋಲೋನ ಮನಸ್ಸಿನಲ್ಲಿ ಕತ್ತಲೆಯನ್ನು ಕಂಡು, ಮಲಗಿದ್ದವನ ಮೇಲೆ ಒಂದು ಕ್ಷಣ ಖಡ್ಗವನ್ನು ಹೊರತೆಗೆದ ತಪ್ಪು ಅವನದು. ಆ ರಾತ್ರಿಯ ಘಟನೆಯನ್ನು ಚಿತ್ರ ಮೂರು ಬಾರಿ ನಿರೂಪಿಸುತ್ತದೆ: ಮೊದಲು ಲ್ಯೂಕ್ ಖಡ್ಗದ ವಿಷಯವನ್ನು ಮರೆಮಾಚಿ ಹೇಳುತ್ತಾನೆ, ಬಳಿಕ ಶಿಷ್ಯನು ತಾನು ಕಂಡಂತೆ ಹೇಳುತ್ತಾನೆ, ಕೊನೆಗೆ ಲ್ಯೂಕನೇ ಪೂರ್ಣವಾಗಿ ಒಪ್ಪಿಕೊಳ್ಳುತ್ತಾನೆ. ವೇಡರನ ಅಪರಾಧದ ಎದುರು ಈ ಒಂದು ಕ್ಷಣದ ಆಲೋಚನೆ ಅಲ್ಪವಾಗಿ ತೋರಬಹುದು. ಆದರೆ ಖಡ್ಗವೆಸೆದು ತಂದೆಯನ್ನು ಗೆದ್ದವನೇ ಮಗುವಿನಂತೆ ಮಲಗಿದ್ದವನ ಮೇಲೆ ಖಡ್ಗವೆತ್ತಿದ್ದರಿಂದ, ಅವನ ಶ್ರದ್ಧೆಯ ತಳಹದಿಯೇ ಕುಸಿಯಿತು. ಅವನು ದೂರದ ದ್ವೀಪವೊಂದಕ್ಕೆ ಹೋಗಿ ಫೋರ್ಸ್‌ನೊಡನೆ ಸಂಬಂಧವನ್ನೇ ಕಡಿದುಕೊಳ್ಳುತ್ತಾನೆ. ಈ ಭಾಗದ ಚಿತ್ರೀಕರಣ ನಡೆದದ್ದು ಪ್ರಾಚೀನ ಕ್ರೈಸ್ತ ಮಠದ ಅವಶೇಷಗಳಿರುವ, 1996ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿತವಾದ, ಐರ್ಲೆಂಡಿನ ಸ್ಕೆಲಿಗ್ ಮೈಕಲ್ ದ್ವೀಪದಲ್ಲಿ. ವಿರಕ್ತರ ನೆಲೆಯಾಗಿದ್ದ ಸ್ಥಳದಲ್ಲಿ ಶ್ರದ್ಧೆ ಕಳೆದುಕೊಂಡವನನ್ನು ಕೂರಿಸಿರುವುದು ಅರ್ಥಪೂರ್ಣವಾಗಿದೆ.

ಲ್ಯೂಕನ ವಾದವನ್ನು ತಳ್ಳಿಹಾಕುವಂತಿಲ್ಲ. ಜೆಡೈಗಳು ಪ್ರಬಲರಾಗಿದ್ದ ಕಾಲದಲ್ಲಿಯೇ ಪಾಲ್ಪಟೀನ್ ಅಧಿಕಾರಕ್ಕೇರಿದನು. ವೇಡರನನ್ನು ತರಬೇತುಗೊಳಿಸಿದವನೂ ಜೆಡೈ ಗುರುವೇ. ಆದ್ದರಿಂದ ಈ ಪರಂಪರೆ ಕೊನೆಗಾಣಬೇಕೆಂಬುದು ಅವನ ನಿಲುವು. ಆದರೆ ತನ್ನ ವೈಯಕ್ತಿಕ ತಪ್ಪನ್ನು ಇಡೀ ಪರಂಪರೆಯ ತಪ್ಪಿನೊಳಗೆ ಅಡಗಿಸಿಡುವ ಜಾಣತನವೂ ಈ ವಾದದಲ್ಲಿದೆ. ಯೋಡಾನ ಆತ್ಮವು ಬಂದು, ಸೋಲನ್ನೂ ಶಿಷ್ಯರಿಗೆ ದಾಟಿಸುವುದು ಗುರುವಿನ ಕರ್ತವ್ಯವೆಂದು ತಿಳಿಹೇಳಿದ ಬಳಿಕವೇ ಅವನು ಹೊರಬರುತ್ತಾನೆ. ಅವನ ಪ್ರಾಯಶ್ಚಿತ್ತದ ರೂಪ ಗಮನಾರ್ಹ: ದ್ವೀಪದಿಂದಲೇ ತನ್ನ ಬಿಂಬವನ್ನು ರಣಭೂಮಿಗೆ ಕಳುಹಿಸಿ, ಶಿಷ್ಯನ ಕ್ಷಮೆಯನ್ನು ಕೋರಿ, ಯಾರೊಬ್ಬರನ್ನೂ ಗಾಯಗೊಳಿಸದೆ ಸಹಚರರು ಪಾರಾಗುವಷ್ಟು ಕಾಲವನ್ನು ಒದಗಿಸುತ್ತಾನೆ. ಶಿಷ್ಯನು ಕ್ಷಮಿಸುವುದಿಲ್ಲ. ಕ್ಷಮೆ ದೊರೆಯದಿದ್ದರೂ ಅದನ್ನು ಕೋರುವುದು ಕರ್ತವ್ಯವೇ ಆಗಿ ಉಳಿಯುತ್ತದೆ.

2022ರ ಧಾರಾವಾಹಿಯಲ್ಲಿ ಓಬಿ-ವಾನನೂ ಇಂಥದೇ ಸ್ಥಿತಿಯಲ್ಲಿದ್ದಾನೆ. ಶಿಷ್ಯನ ಪತನಕ್ಕೆ ತಾನೇ ಹೊಣೆಯೆಂದು ನಂಬಿ, ಸುಮಾರು ಹತ್ತು ವರ್ಷಗಳಿಂದ ಮರುಭೂಮಿಯಲ್ಲಿ ಮಾಂಸ ಕೊಯ್ಯುವ ಕೂಲಿಯಾಗಿ, ಆಯುಧವನ್ನು ಮರಳಿನಲ್ಲಿ ಹೂತಿಟ್ಟು ಬದುಕುತ್ತಾನೆ. ಕೊನೆಯ ಕಂತಿನ ಕಾಳಗದಲ್ಲಿ ವೇಡರನ ಮುಖವಾಡ ಸೀಳಿ, ಒಳಗಿನ ಮುಖ ಕಾಣಿಸಿದಾಗ ಅವನು ಕ್ಷಮೆ ಕೇಳುತ್ತಾನೆ. ವೇಡರನ ಉತ್ತರ ವಿಚಿತ್ರವಾದುದು: ಅನಾಕಿನನನ್ನು ಕೊಂದವನು ಗುರುವಲ್ಲ, ತಾನೇ. ಗುರುವನ್ನು ಭಾರದಿಂದ ಬಿಡಿಸುವ ಈ ಮಾತೇ ವೇಡರನು ತನ್ನ ಹೊಣೆಯಿಂದ ನುಣುಚಿಕೊಳ್ಳುವ ಮಾತೂ ಆಗಿದೆ. ಮುಂದೆ ಲ್ಯೂಕನಿಗೆ ಓಬಿ-ವಾನ್ ಹೇಳಲಿರುವ ಅರ್ಧಸತ್ಯದ ಮೂಲವನ್ನು ಇಲ್ಲಿ ಗುರುತಿಸಬಹುದು.

7. ಕ್ಷಮಿಸುವ ಅಧಿಕಾರ

ಮಗನು ತಂದೆಯನ್ನು ಕ್ಷಮಿಸಬಹುದು. ಸತ್ತವರ ಪರವಾಗಿ ಕ್ಷಮಿಸುವ ಅಧಿಕಾರ ಅವನಿಗಿದೆಯೇ? 1983ರ ಚಿತ್ರ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಆದರೆ ಮುಚ್ಚಿಡುವುದೂ ಇಲ್ಲ. ವೇಡರನಿಂದ ಚಿತ್ರಹಿಂಸೆಗೊಳಗಾಗಿದ್ದ, ತನ್ನ ಗ್ರಹವೇ ನಾಶವಾದುದನ್ನು ಅವನ ಹಿಡಿತದಲ್ಲಿ ನಿಂತು ನೋಡಿದ್ದ ಮಗಳು ಲೇಯಾಗೆ ಕೊನೆಯಲ್ಲಿ ತಂದೆಯ ಆತ್ಮವು ಕಾಣಿಸುವುದಿಲ್ಲ. ಆಕೆ ಕ್ಷಮಿಸಿದಳೆಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಕ್ಲಾಡಿಯಾ ಗ್ರೇ ಬರೆದ ‘ಬ್ಲಡ್‌ಲೈನ್’ (2016) ಕಾದಂಬರಿಯಲ್ಲಿ ಆಕೆ ವೇಡರನ ಮಗಳೆಂಬುದು ಬಹಿರಂಗವಾಗಿ, ಆಕೆಯ ರಾಜಕೀಯ ಜೀವನ ಕುಸಿಯುತ್ತದೆ. ತಂದೆಯ ಪಾಪದ ಸಾಮಾಜಿಕ ಋಣವನ್ನು ತೀರಿಸಬೇಕಾದವಳು ಮಗಳು.

ಸಂತ್ರಸ್ತರ ಕಡೆಯಿಂದ ಈ ಪ್ರಶ್ನೆಯನ್ನು ನೇರವಾಗಿ ಎದುರಿಸುವ ಪಾತ್ರ 2022ರ ಧಾರಾವಾಹಿಯ ರೇವಾ. ಮಂದಿರದ ಹತ್ಯಾಕಾಂಡದಲ್ಲಿ ಶವಗಳ ನಡುವೆ ಸತ್ತಂತೆ ಬಿದ್ದಿದ್ದು ಉಳಿದ ಮಗು ಆಕೆ. ಸೇಡಿಗಾಗಿ ವೇಡರನ ಸೇವೆಗೇ ಸೇರಿ ತಾನೂ ಕ್ರೂರಿಯಾಗುತ್ತಾಳೆ. ಸೇಡು ವಿಫಲವಾದಾಗ ಬಾಲಕ ಲ್ಯೂಕನನ್ನು ಕೊಲ್ಲಲು ಹೋಗುತ್ತಾಳೆ. ಬಿದ್ದಿದ್ದ ಬಾಲಕನಲ್ಲಿ ತನ್ನನ್ನೇ ಕಂಡು ಕೈ ತಡೆಯುತ್ತಾಳೆ. ಆಕೆ ವೇಡರನನ್ನು ಕ್ಷಮಿಸಿದಳೆಂದು ಇದರ ಅರ್ಥವಲ್ಲ; ಅವನಂತೆ ಆಗಲು ನಿರಾಕರಿಸಿದಳು. ಬಲಿಯಾದವಳೂ ಅಪರಾಧಿಯೂ ಒಬ್ಬಳೇ ಆದ ಈ ಪಾತ್ರವು ಆಯುಧವನ್ನು ತೊರೆದು ಬದುಕಿ ಉಳಿಯುತ್ತದೆಂಬುದು ಮುಖ್ಯ.

8. ಉಪಸಂಹಾರ

1983ರಲ್ಲಿ ವೇಡರ್, 2019ರ ‘ದಿ ರೈಸ್ ಆಫ್ ಸ್ಕೈವಾಕರ್’ನಲ್ಲಿ ಬೆನ್ ಸೋಲೋ, ಇಬ್ಬರೂ ಮನಸ್ಸು ತಿರುಗಿದ ಕೂಡಲೇ ಮಡಿಯುತ್ತಾರೆ. ಸಾವಿನಿಂದ ಕಥೆಗೆ ಪರಿಪೂರ್ಣತೆ ಲಭಿಸುತ್ತದೆ. ಆದರೆ ಪ್ರಾಯಶ್ಚಿತ್ತವು ಒಂದು ಕ್ಷಣದ ತ್ಯಾಗಕ್ಕೆ ಸಂಕುಚಿತಗೊಳ್ಳುತ್ತದೆ. ಓಬಿ-ವಾನ್, ಲ್ಯೂಕ್ ಮತ್ತು ರೇವಾ ಇವರ ಕಥೆಗಳು ಇದಕ್ಕಿಂತ ಕಠಿಣವಾದ ಮಾರ್ಗವನ್ನು ಸೂಚಿಸುತ್ತವೆ. ತಪ್ಪನ್ನು ಮಾತಿನಲ್ಲಿ ಪೂರ್ಣವಾಗಿ ಒಪ್ಪಿಕೊಳ್ಳುವುದು, ಕ್ಷಮೆ ಸಿಗದಿರಬಹುದೆಂದು ತಿಳಿದೂ ಕೇಳುವುದು, ಮಾಡಿದವನು ಬೇರೊಬ್ಬನೆಂಬ ನೆಪವನ್ನು ಬಿಡುವುದು, ಆ ಮೇಲೂ ಮಾಡಬೇಕಾದುದನ್ನು ಮಾಡುವುದು ಈ ಮಾರ್ಗದ ಹಂತಗಳು.

ಶ್ರದ್ಧಾಭಂಗದ ವಿಷಯದಲ್ಲಿಯೂ ಕಥನದ ತೀರ್ಮಾನ ಸ್ಪಷ್ಟವಾಗಿದೆ. ಅನಾಕಿನನ ಶ್ರದ್ಧೆ ಮುರಿದದ್ದು ಅವನು ಸಂಶಯಪಟ್ಟದ್ದರಿಂದಲ್ಲ. ಸಂಶಯವನ್ನೂ ಭಯವನ್ನೂ ಹೇಳಿಕೊಳ್ಳಲು ಅವನ ಸಂಘದಲ್ಲಿ ಎಡೆಯಿಲ್ಲದ್ದರಿಂದ. ಯೋಧನಿಂದ ನಿರ್ಮೋಹವನ್ನು ಬಯಸುವ ಯಾವುದೇ ಸಂಘವು ಅವನ ತಪ್ಪೊಪ್ಪಿಗೆಯನ್ನು ಆಲಿಸುವ ವ್ಯವಸ್ಥೆಯನ್ನೂ ಇರಿಸಿಕೊಳ್ಳಬೇಕು. ಇಲ್ಲವಾದರೆ ಆ ಮಾತನ್ನು ಆಲಿಸಲು ಪಾಲ್ಪಟೀನನಂಥವರು ಕಾದೇ ಇರುತ್ತಾರೆ.

ಬರೋಸನ ನಿಶ್ಚಿಂತ ಯೋಧನಿಂದ ಮರುಭೂಮಿಯ ಓಬಿ-ವಾನನವರೆಗೆ ವಿಜ್ಞಾನಾದ್ಭುತ ಕಥನವು ಕ್ರಮಿಸಿದ ದಾರಿ ಒಂದು ಶತಮಾನಕ್ಕೂ ಮೀರಿದ್ದು. ಮನರಂಜನೆಯ ಪ್ರಕಾರವೆಂದು ವಿಮರ್ಶೆಯ ಹೊರಗಿಡಲಾಗುತ್ತಿದ್ದ ಈ ಕಥನವು, ಗೆದ್ದ ಯೋಧನಿಗಿಂತ ಬಿದ್ದ ಯೋಧನನ್ನು ಹೆಚ್ಚು ಕಾಲ ನೋಡುವುದನ್ನು ಈ ಅವಧಿಯಲ್ಲಿ ಕಲಿತಿದೆ. ಈ ಕಾರಣದಿಂದ ಅದನ್ನು ಗಂಭೀರ ಅಧ್ಯಯನಕ್ಕೆ ಒಳಪಡಿಸುವುದು ಉಚಿತವಾಗಿದೆ.